ಮಡಿಕೆಯಕ್ಕ ಓದಿದ ಮೂವತ್ತೆರಡು ಪುಟ

ನಲವತ್ತೆರಡು ವರ್ಷ ಪುಸ್ತಕ ಕಟ್ಟಿದ ಮಡಿಕೆಯಕ್ಕ ಒಂದೇ ಒಂದು ಪುಸ್ತಕವನ್ನೂ ಓದಿದವಳಲ್ಲ. ಇದನ್ನು ಅವಳು ತಲೆ ತಗ್ಗಿಸಿ ಹೇಳುತ್ತಿರಲಿಲ್ಲ, ಎದೆ ಸೆಟೆಸಿಯೇ ಹೇಳುತ್ತಿದ್ದಳು. "ಬಳೆ ಮಾಡೋನು ಮಾಡಿದ ಬಳೆಯನ್ನೆಲ್ಲ ತಾನೇ ತೊಟ್ಕೊಂಡು ಕೂತ್ರೆ ಅಂಗಡಿ ನಡೆಯುತ್ತಾ? ನನ್ನ ಕೆಲಸ ಕಟ್ಟೋದು. ಓದೋದಕ್ಕೆ ಬೇರೆಯವರಿದ್ದಾರೆ, ಪಾಪ, ಅವರಿಗೆ ಕೈಯಲ್ಲಿ ಕೆಲಸ ಇಲ್ಲ."

ಅವಳ ಸಾಮ್ರಾಜ್ಯ ಇದ್ದದ್ದು ಒಂದು ಮುದ್ರಣಾಲಯದ ಹಿಂಬದಿಯಲ್ಲಿ, ತಗಡು ಹೊದಿಸಿದ ಉದ್ದನೆಯ ಕೋಣೆಯಲ್ಲಿ. ಮುಂದಿನ ಕೋಣೆಯ ಯಂತ್ರ ದಡಬಡ ಸದ್ದು ಮಾಡುತ್ತಾ ಹಾಳೆ ಉಗುಳುತ್ತಿತ್ತು. ಆ ಹಾಳೆ ಪುಸ್ತಕವೆಂಬ ರೂಪ ತಾಳುತ್ತಿದ್ದದ್ದು ಇಲ್ಲಿ. ಒಂದು ದೊಡ್ಡ ಹಾಳೆಯ ಎರಡು ಮಗ್ಗುಲಿಗೂ ಸೇರಿ ಹದಿನಾರು ಪುಟ. ಅದನ್ನು ಮೂರು ಸಲ ಮಡಿಚಿದರೆ ಒಂದು ಫಾರಂ. ಹನ್ನೆರಡು ಫಾರಂ ಸರಿಯಾದ ಸಾಲಿನಲ್ಲಿ ಒಂದರ ಮೇಲೊಂದು ಕೂತು, ಬೆನ್ನಿಗೆ ಹೊಲಿಗೆ ಬಿದ್ದು, ಗೋಂದು ಕುಡಿದು, ರಟ್ಟು ಹೊದ್ದರೆ ಒಂದು ಪುಸ್ತಕ. ಹದಿನಾರನೆಯ ವಯಸ್ಸಿಗೆ ಹಾಳೆ ಮಡಿಚಲು ಬಂದವಳು ಅವಳು. ಅವಳು ಒತ್ತಿದ ಮಡಿಕೆಯಲ್ಲಿ ಇರುವೆ ನುಸುಳುವುದಕ್ಕೂ ದಾರಿ ಇರುತ್ತಿರಲಿಲ್ಲ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲೋ ಉದುರಿಹೋಗಿ ಮಡಿಕೆಯಕ್ಕ ಎಂಬುದೇ ಉಳಿದುಕೊಂಡಿತು.

ಆ ಕೋಣೆಯ ನಡುವೆ ಉದ್ದನೆಯ ಮೇಜು. ಅದರ ಈ ಬದಿಗೆ ಆರು, ಆ ಬದಿಗೆ ಆರು, ಹನ್ನೆರಡು ಫಾರಂಗಳ ಹನ್ನೆರಡು ರಾಶಿ. ಜೋಡಿಸುವವರು ಗಾಣದೆತ್ತಿನ ಹಾಗೆ ಮೇಜಿನ ಸುತ್ತ ನಡೆಯುತ್ತಾ ಒಂದೊಂದು ರಾಶಿಯಿಂದ ಒಂದೊಂದನ್ನು ಎತ್ತಿಕೊಳ್ಳಬೇಕು. ಒಂದು ಸುತ್ತಿಗೆ ಒಂದು ಪುಸ್ತಕ. ಸಾಲು ತಪ್ಪಬಾರದೆಂದು ಬೇರೆ ಮುದ್ರಣಾಲಯಗಳಲ್ಲಿ ಫಾರಂಗಳ ಬೆನ್ನ ಮೇಲೆ ಕಪ್ಪು ಗುರುತು ಅಚ್ಚು ಹಾಕುತ್ತಾರೆ. ಎಲ್ಲ ಸರಿಯಾಗಿ ಕೂತರೆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ, ಒಂದು ತಪ್ಪಿದರೂ ಮೆಟ್ಟಿಲು ಮುರಿದದ್ದು ಕುರುಡನಿಗೂ ಕಾಣುತ್ತದೆ. ಇಲ್ಲಿ ಮಾತ್ರ ಆ ಪದ್ಧತಿಯನ್ನು ಈಗಿನ ಯಜಮಾನರ ತಂದೆಯೇ ನಿಲ್ಲಿಸಿಬಿಟ್ಟಿದ್ದರು. "ನಮ್ಮಲ್ಲಿ ಗುರುತು ಅಂದ್ರೆ ಮಡಿಕೆಯಕ್ಕ" ಎಂದಿದ್ದರು. ಆ ಮಾತು ಅವಳಿಗೆ ಕೊರಳ ಸರಕ್ಕಿಂತ ಹೆಚ್ಚು.

ಅವಳ ಲೆಕ್ಕಾಚಾರ ಸರಳ. ಒಂದು ಫಾರಂನ ಕೊನೆಯ ಮಾತು, ಮುಂದಿನ ಫಾರಂನ ಮೊದಲ ಮಾತು, ಎರಡನ್ನೂ ಜೋರಾಗಿ ಓದುವುದು. ಕೊಂಡಿ ಕೂಡಿದರೆ ಸರಿ. ಹೀಗಾಗಿ ಸಾವಿರಾರು ಪುಸ್ತಕಗಳಿಂದ ಅವಳ ಬಾಯಿಗೆ ಬಿದ್ದದ್ದು ಹನ್ನೊಂದು ಹನ್ನೊಂದು ತುಣುಕು ಮಾತ್ರ. ಊಟದ ಮನೆಯ ಮುಂದೆ ಹಾದುಹೋಗುವವನಿಗೆ ವಾಸನೆ ಬಡಿದ ಹಾಗೆ.

ಮನೆಯಲ್ಲಿ ಇದ್ದ ಮೊಮ್ಮಗಳದು ಇದಕ್ಕೆ ತದ್ವಿರುದ್ಧ. ಹದಿಮೂರು ವರ್ಷದ ಆ ಹುಡುಗಿ ಊಟ ಬಿಟ್ಟಾಳು, ಪುಸ್ತಕ ಬಿಡಳು. ಅವಳ ತಾಯಿ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಂದವಳು ಮಲಗಿದರೆ ಮನೆಯಲ್ಲಿ ಅಜ್ಜಿ ಮೊಮ್ಮಗಳದೇ ದರ್ಬಾರು. ಹುಡುಗಿಗೆ ಹುಚ್ಚು ಹಿಡಿಸಿದ್ದು 'ಐವರು ಮಿಂಚುಮಕ್ಕಳು' ಎಂಬ ಪುಸ್ತಕಮಾಲೆ. ಗುಡುಗು ಮಿಂಚನ್ನು ಅಳೆಯುವ ಒಂದು ಪ್ರಯೋಗಶಾಲೆಯಲ್ಲಿ ಸಿಕ್ಕಿಬಿದ್ದ ಐದು ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ವಿಚಿತ್ರ ಶಕ್ತಿ ಬಂದುಬಿಡುತ್ತದೆ. ಅವರನ್ನು ಹಿಡಿದು ಕೊಯ್ದು ನೋಡಬೇಕೆಂದು ಬೂದುಕೋಟಿನ ವಿಜ್ಞಾನಿಗಳು ಬೆನ್ನು ಹತ್ತುತ್ತಾರೆ. ಮುಖ್ಯವಾದವಳು ಮುಂಗಾಣಿ. ಇನ್ನು ಅರ್ಧ ಗಂಟೆಯಲ್ಲಿ ಏನಾಗುತ್ತದೆಂಬುದು ಅವಳ ಕಣ್ಣಿಗೆ ಈಗಲೇ ಬೀಳುತ್ತದೆ. ಅವಳ ಗೆಳೆಯ ಗಾಳಿಕಿವಿ. ಏಳು ಗೋಡೆಯಾಚೆ ಸೂಜಿ ಬಿದ್ದರೂ ಅವನಿಗೆ ಕೇಳುತ್ತದೆ.

ಇಷ್ಟೆಲ್ಲ ಹುಟ್ಟಿಸಿದವರು ಅದೇ ರಸ್ತೆಯ ತುದಿಯಲ್ಲಿ ಹಲ್ಲು ಕೀಳುವ ಡಾಕ್ಟರಮ್ಮ. ಒಬ್ಬ ರೋಗಿಯ ದವಡೆ ಮರಗಟ್ಟುವಷ್ಟರಲ್ಲಿ ಒಂದು ಪುಟ ಬರೆದುಬಿಡುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ಮಡಿಕೆಯಕ್ಕನ ಅಭಿಪ್ರಾಯ ಬೇರೆ: "ಬಾಯಿ ಬಿಡಿಸೋದು ಆಕೆಗೆ ಅಭ್ಯಾಸ. ಅದಕ್ಕೇ ಈ ಮಕ್ಕಳು ಪುಸ್ತಕ ಹಿಡಿದ್ರೆ ಬಾಯಿ ಬಿಟ್ಕೊಂಡೇ ಕೂರ್ತಾವೆ."

ನಾಲ್ಕನೆಯ ಪುಸ್ತಕ ಅಚ್ಚಿಗೆ ಬಂದ ವಾರ ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು ತಿರುಗಿದಳು.

"ಅಜ್ಜಿ, ಒಂದೇ ಒಂದು ಹೇಳು. ಮುಂಗಾಣಿ ಬದುಕ್ತಾಳಾ?"

"ನನಗೇನು ಗೊತ್ತು? ಅವಳೇನು ನಮ್ಮ ಓರಗಿತ್ತಿಯಾ?"

"ನಿನ್ನ ಕೈಲೇ ಇರುತ್ತಲ್ಲ ಪುಸ್ತಕ! ಕೊನೇ ಪುಟ ನೋಡಿದ್ರಾಯ್ತು."

"ಕಟ್ಟೋ ಕೈ ಇಣುಕಬಾರದು ಕಣೇ. ಒಂದು ಸಲ ಇಣುಕಿದ್ರೆ ಆ ಕೈ ಮತ್ತೆ ನೆಟ್ಟಗಾಗಲ್ಲ."

ಹೀಗೆಂದವಳು ಮೂರನೆಯ ದಿನಕ್ಕೇ ಇಣುಕಿದಳು.

ಎರಡು ಸಾವಿರ ಪ್ರತಿಯಲ್ಲಿ ಸಾವಿರದ ನಾನೂರು ಜೋಡಿಸಿ ಮುಗಿದಿತ್ತು. ಉಳಿದ ಆರುನೂರಕ್ಕೆ ಮೇಜಿನ ಮೇಲೆ ಹೊಸ ಕಟ್ಟುಗಳನ್ನು ಹಾಸಬೇಕು. ಹಾಸುವ ಕೆಲಸಕ್ಕೆ ಮಡಿಕೆಯಕ್ಕ ಬೇರೆ ಯಾರ ಕೈಯನ್ನೂ ಬಿಟ್ಟವಳಲ್ಲ. ಆದರೆ ಮೂರು ವಾರದ ಹಿಂದೆ ಒಬ್ಬಳು ಹೊಸದಾಗಿ ಬಂದು ಸೇರಿದ್ದಳು. ಎರಡು ಪುಟ್ಟ ಮಕ್ಕಳ ತಾಯಿ, ಕಡ್ಡಿಯಂಥ ಹೆಣ್ಣು, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳನ್ನು ಯಜಮಾನರು ಒಂದು ತಿಂಗಳು ನೋಡೋಣ ಎಂದು ಇಟ್ಟುಕೊಂಡಿದ್ದರು. ಕೆಲಸ ಕಲಿಯಲಿ ಎಂದು ಮಡಿಕೆಯಕ್ಕ ಅವಳಿಗೆ ಕಟ್ಟು ಹಾಸಲು ಹೇಳಿದ್ದಳು. ಗುಬ್ಬಿ ಎಂಟರವರೆಗೆ ಹಾಸಿದಳು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. "ಹೋಗಿ ಉಣ್ಣು, ಮಿಕ್ಕದ್ದು ನಾನು ಹಾಸ್ತೀನಿ" ಎಂದು ಮಡಿಕೆಯಕ್ಕ ಅವಳನ್ನು ಕಳಿಸಿದಳು.

ಒಂಬತ್ತು, ಹತ್ತರ ಕಟ್ಟುಗಳನ್ನು ಕಪಾಟಿನಿಂದ ತಂದು ಕಿಟಕಿಯ ಬಳಿಯ ಸ್ಟೂಲಿನ ಪಕ್ಕ ಇಳಿಸಿದಳು. ಅಭ್ಯಾಸಬಲ. ಎಂಟರ ಕೊನೆಯ ಮಾತು ಓದಿದಳು: "ಯಾರೂ ಇರಬಾರದಿದ್ದ ಆ ನೆಲಮಾಳಿಗೆಯಲ್ಲಿ, ಬೀಗ ಬಿದ್ದ ಬಾಗಿಲಿನ ಆ ಕಡೆಯಿಂದ". ಒಂಬತ್ತರ ಮೊದಲ ಮಾತು ಓದಿದಳು: "ಯಾರೋ ಅವಳನ್ನು ಹೆಸರು ಹಿಡಿದು ಕರೆದರು."

ಕೊಂಡಿ ಕೂಡಿತು. ಮಾಮೂಲಿನಂತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಡಿಕೆಯಕ್ಕನ ಕೈ ಆ ಫಾರಂ ಬಿಡಲಿಲ್ಲ. ಯಾರಪ್ಪಾ ಅದು ಕರೆದದ್ದು? ಬೀಗ ಹಾಕಿದ ಬಾಗಿಲಿನ ಆಚೆ? ಅವಳು ಸುತ್ತ ನೋಡಿದಳು. ಎಲ್ಲರೂ ಊಟಕ್ಕೆ ಹೋಗಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು.

ಹೊಲಿಯದ, ಕತ್ತರಿಸದ ಫಾರಂ ಓದುವುದು ಸುಲಭದ ಮಾತಲ್ಲ. ಮೇಲಿನ ಅಂಚು ಕೂಡಿಕೊಂಡಿರುತ್ತದೆ, ಮಗ್ಗುಲು ಅಂಟಿಕೊಂಡಿರುತ್ತದೆ. ಕೆಲವು ಪುಟ ನೇರವಾಗಿ ಸಿಗುತ್ತವೆ, ಕೆಲವನ್ನು ಹಾಳೆಯನ್ನು ಕೊಳವೆಯ ಹಾಗೆ ಉಬ್ಬಿಸಿಕೊಂಡು ಬಾವಿಗೆ ಇಣುಕಿದಂತೆ ಇಣುಕಿ ಓದಬೇಕು. ಮಡಿಕೆಯಕ್ಕ ಒಂದು ಕಣ್ಣು ಮುಚ್ಚಿ ಓದಿದಳು, ಕತ್ತು ಓರೆ ಮಾಡಿ ಓದಿದಳು, ಬೆಳಕಿಗೆ ಹಿಡಿದು ಓದಿದಳು. ಅನ್ನದ ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. ಒಂಬತ್ತು ಮುಗಿದು ಹತ್ತಕ್ಕೆ ಕೈ ಹಾಕಿದಳು. ಹತ್ತರ ಕೊನೆಯ ಸಾಲು ಓದಿ "ಅಯ್ಯೋ ಪಾಪಿ!" ಎಂದು ಕೂಗಿದ್ದಕ್ಕೂ ಗಂಟೆ ಹೊಡೆದದ್ದಕ್ಕೂ ಸರಿಹೋಯಿತು. ಕಳ್ಳತನದಲ್ಲಿ ಸಿಕ್ಕವಳ ಹಾಗೆ ದಡಕ್ಕನೆ ಎದ್ದು, ಎರಡು ಕಟ್ಟನ್ನೂ ಮೇಜಿನ ಮೇಲೆ ಇಟ್ಟು, ಹನ್ನೊಂದು ಹನ್ನೆರಡನ್ನೂ ಎಳೆದು ತಂದು ಹಾಸಿ, ಗುಬ್ಬಿಯ ಜೊತೆ ಸುತ್ತು ಹೊಡೆಯತೊಡಗಿದಳು. ಕಾಲು ಮೇಜಿನ ಸುತ್ತ ನಡೆಯುತ್ತಿತ್ತು, ಮನಸ್ಸು ಮಾತ್ರ ಹತ್ತನೆಯ ಫಾರಂನ ಗೂಡ್ಸ್ ರೈಲಿನ ಮೇಲೆ.

ಆರುನೂರೂ ಜೋಡಿಸಿಯಾಯಿತು. ಹೊಲಿದಾಯಿತು, ಕತ್ತರಿಸಿಯಾಯಿತು, ಅಂಗಡಿಗಳಿಗೆ ಹೋಗಿಯಾಯಿತು. ರಟ್ಟಿನ ಮೂಲೆ ನಜ್ಜಿದ ಒಂದು ಪ್ರತಿಯನ್ನು ಮಡಿಕೆಯಕ್ಕ ವಾಡಿಕೆಯಂತೆ ಮೊಮ್ಮಗಳಿಗೆ ತಂದುಕೊಟ್ಟಳು.

ಎರಡು ದಿನ ಹುಡುಗಿಯ ಮುಖ ಕಾಣಲಿಲ್ಲ, ಪುಸ್ತಕದ ರಟ್ಟು ಕಂಡಿತು ಅಷ್ಟೆ. ಮೂರನೆಯ ದಿನ ಸಂಜೆ ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆಸೆದು ಅಡುಗೆಮನೆಗೆ ನುಗ್ಗಿದಳು.

"ಅಜ್ಜೀ, ಶಾಲೇಲಿ ಯುದ್ಧ! ಅರ್ಧ ಜನ ಮುಂಗಾಣಿ ಮೋಸಹೋದ್ಲು ಅಂತಾರೆ. ಅವರಿಗೆ ತಲೆಯೇ ಇಲ್ಲ. ಅವಳಿಗೆ ಮೊದಲೇ ಗೊತ್ತಿತ್ತು ಕಣಜ್ಜಿ! ಗೊತ್ತಿದ್ದೂ ಅವನ ಕೈ ಹಿಡಿದ್ಲು!"

"ಏನು ಗೊತ್ತಿತ್ತು?"

"ಈ ಸಲ ಡಾಕ್ಟರಮ್ಮ ಎಂಥ ತಲೆ ಓಡಿಸಿದ್ದಾರೆ ಗೊತ್ತಾ? ಬಾಗಿಲ ಹತ್ರ ಯಾರೋ ಕರೀತಾರೆ ಅನ್ನೋವಾಗ ಟಪ್ ಅಂತ ಮುಂದಿನದ್ದು ಕಾಣಿಸಿಬಿಡುತ್ತೆ. ರೈಲು, ಗಾಳಿಕಿವಿ ಕೈ ಬಿಡೋದು, ಎಲ್ಲ. ಅದು ಮುಂಗಾಣಿಗೆ ಕಾಣ್ತಿರೋದು! ಆಮೇಲೆ ಮತ್ತೆ ಬಾಗಿಲ ಹತ್ರ ಬರುತ್ತೆ. ಪುಟದ ನಂಬರ್ ಕೂಡ ಹಾರಿಸಿದ್ದಾರೆ ನೋಡು. ನೂರಾ ಇಪ್ಪತ್ತೆಂಟು ಆದ್ಮೇಲೆ ನೂರಾ ನಲವತ್ತೈದು!"

ಮಡಿಕೆಯಕ್ಕನ ಕೈಯ ಸೌಟು ಪಾತ್ರೆಯೊಳಗೆ ಮುಳುಗಿಹೋಯಿತು. ನೂರಾ ಇಪ್ಪತ್ತೆಂಟು ಎಂದರೆ ಎಂಟನೆಯ ಫಾರಂ ಮುಗಿಯುವ ಪುಟ. ನೂರಾ ನಲವತ್ತೈದು ಎಂದರೆ ಹತ್ತನೆಯದು ಶುರುವಾಗುವ ಪುಟ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸ್ಟೂಲು, ಕಿಟಕಿ, ಗಂಟೆಯ ಸದ್ದು, ಅವಸರದಲ್ಲಿ ಎತ್ತಿಟ್ಟ ಎರಡು ಕಟ್ಟು, ಎಲ್ಲ ಕಣ್ಣ ಮುಂದೆ ಬಂದು ನಿಂತವು.

"ಯಾಕಜ್ಜಿ, ಮುಖ ಹಾಗಾಯ್ತು?"

"ಹೊಗೆ ಕಣೇ."

"ಗ್ಯಾಸ್ ಒಲೇಲಿ ಹೊಗೆಯಾ?"

"ಬಾಯಿ ಮುಚ್ಚಿ ಓದ್ಕೋ ಹೋಗು."

ಮರುದಿನ ಬೆಳಿಗ್ಗೆ ಅವಳು ಹೋಗುವಷ್ಟರಲ್ಲಿ ಕೆಟ್ಟ ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು. ಯಜಮಾನರು ಮೇಜಿನ ಪಕ್ಕ ನಿಂತಿದ್ದರು. ಚಡ್ಡಿ ಹಾಕಿಕೊಂಡು ಗೋಂದಿನ ಬಕೆಟ್ಟಿಗೆ ಕೈ ಅದ್ದುತ್ತಿದ್ದ ಕಾಲದಿಂದ ಅವರನ್ನು ಮಡಿಕೆಯಕ್ಕ ಬಲ್ಲಳು. ಸಿಟ್ಟು ಬಂದರೆ ಕಿವಿಯ ತುದಿ ಕೆಂಪಾಗುತ್ತದೆ. ಈಗ ಕಿವಿಯೆರಡೂ ಕೆಂಡದ ಹಾಗಿದ್ದವು. ಕೈಯಲ್ಲಿ ಅಂಗಡಿಯಿಂದ ವಾಪಸು ಬಂದ ಒಂದು ಪ್ರತಿ.

"ನಮ್ಮಪ್ಪನ ಕಾಲದಿಂದ ಒಂದು ಪುಸ್ತಕ ತಿರುಗಿ ಬಂದಿಲ್ಲ. ಇವತ್ತು ಬಂದಿದೆ, ಒಂಬತ್ತು ಹತ್ತು ಅದಲು ಬದಲಾಗಿ. ಯಾರ ಕೈಚಳಕ ಇದು?"

ಕಟಿಂಗ್ ಮಾವ ಕತ್ತರಿಸುವ ಯಂತ್ರದ ಹಿಂದಿನಿಂದ ಕತ್ತು ಚಾಚಿದ. ಅವನು ಆ ಯಂತ್ರದಷ್ಟೇ ಹಳೆಯ ಆಸಾಮಿ. "ಸಾಲು ತಪ್ಪಿದೆ ಅಂದ್ರೆ ಹಾಸಿದವರದ್ದು. ಇಷ್ಟು ವರ್ಷ ಅಕ್ಕ ಹಾಸ್ತಿದ್ರು, ಒಂದು ದಿನ ತಪ್ಪಿಲ್ಲ. ಈ ಸಲ ಹೊಸಬರು ಹಾಸಿದ್ದು." ಅವನ ಮಾತಿನಲ್ಲಿ ವಿಷ ಇರಲಿಲ್ಲ, ಬರೀ ಲೆಕ್ಕ ಇತ್ತು. ಅದೇ ಹೆಚ್ಚು ಚುಚ್ಚಿತು.

ಗುಬ್ಬಿಯ ಮುಖ ಸುಣ್ಣದಂತಾಯಿತು. "ನಾನೇ ಸರ್ ಹಾಸಿದ್ದು. ಎಂಟರ ತನಕ ಹಾಸಿದ್ದು ನೆನಪಿದೆ. ಒಂಬತ್ತು ಹಾಸಿದ್ನೋ ಇಲ್ವೋ... ನನ್ನಿಂದಲೇ ಆಗಿರ್ಬೇಕು."

"ನೋಡಮ್ಮ, ನನಗೂ ಬೇಜಾರೇ. ಆದ್ರೆ ಮೂರೇ ವಾರಕ್ಕೆ ಹೀಗಾದ್ರೆ ಹೇಗೆ? ಶನಿವಾರದ ತನಕ ಬಾ. ಆಮೇಲೆ ಬೇರೆ ಕಡೆ ನೋಡ್ಕೋ" ಎಂದು ಯಜಮಾನರು ಹೊರಟುಹೋದರು.

ಮಡಿಕೆಯಕ್ಕನ ಬಾಯಿಗೆ ಯಾರೋ ಗೋಂದು ಬಳಿದಂತಾಗಿತ್ತು. ನಲವತ್ತೆರಡು ವರ್ಷ ಕೂಡಿಟ್ಟ ಹೆಸರು ಎಂದರೆ ಸಾಮಾನ್ಯವೇ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೇಳಿಬಿಟ್ಟರೆ ನಾಳೆಯಿಂದ ಕಟಿಂಗ್ ಮಾವ ಕೂಡ 'ಅಕ್ಕಾ, ಒಂದ್ಸಲ ನೋಡ್ಬಿಡಿ' ಎಂದು ಎಚ್ಚರಿಸುತ್ತಾನೆ. ಹೇಳದಿದ್ದರೆ? ಗುಬ್ಬಿ ಮೇಜಿನ ಆ ಬದಿಯಲ್ಲಿ ಮೂಗು ಒರೆಸಿಕೊಳ್ಳುತ್ತಾ ಹೊಸ ಹಾಳೆ ಮಡಿಚುತ್ತಿದ್ದಳು. ಮಡಿಚಿದ್ದನ್ನು ಬಿಚ್ಚಿ, ಮತ್ತೆ ನೋಡಿ, ಮತ್ತೆ ಮಡಿಚುತ್ತಿದ್ದಳು. ತನ್ನ ಕೈಯನ್ನೇ ತಾನು ನಂಬದವಳ ರೀತಿ ಅದು. ಒಳ್ಳೆಯ ಕೈ ಹಾಗೆ ಹೆದರಿ ಹಾಳಾಗುವುದನ್ನು ಮಡಿಕೆಯಕ್ಕ ಹಿಂದೆ ಕಂಡಿದ್ದಳು. ನೋಡಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಮಡಿಕೆ ಒತ್ತುವ ಮರದ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಏ ಗುಬ್ಬಿ, ಅಳು ನಿಲ್ಲಿಸು. ಹಾಳೆ ನೆನೆಯುತ್ತೆ. ಬಾ ನನ್ನ ಜೊತೆ."

ಯಜಮಾನರ ಕೋಣೆಯಲ್ಲಿ ಹಲ್ಲಿನ ಡಾಕ್ಟರಮ್ಮನೂ ಇದ್ದರು. ಬಿಳಿ ಕೋಟನ್ನು ಕಳಚುವುದಕ್ಕೂ ಪುರುಸೊತ್ತಿಲ್ಲದೆ ಓಡಿಬಂದಿದ್ದರು.

"ಎರಡು ದಿನದಿಂದ ನನ್ನ ಕುರ್ಚಿ ಮೇಲೆ ಕೂರೋ ಪ್ರತಿ ಮಗುವೂ ಒಂದೇ ಪ್ರಶ್ನೆ," ಎನ್ನುತ್ತಿದ್ದರು ಅವರು. "ಬಾಯಿ ತುಂಬ ಹತ್ತಿ ಇಟ್ಕೊಂಡೇ ಕೇಳ್ತಾವೆ, 'ಮುಂಗಾಣಿಗೆ ಮೊದಲೇ ಗೊತ್ತಿತ್ತಲ್ವಾ?' ಅಂತ. ನಾನು ಹಾಗೆ ಬರೆದೇ ಇಲ್ವಲ್ಲ ಸ್ವಾಮಿ! ಭಯ ಆದಾಗ ಅವಳ ಶಕ್ತಿ ಕೆಲಸ ಮಾಡಲ್ಲ, ಅದಕ್ಕೇ ಮೋಸಹೋದ್ಲು ಅಂತ ನಾನು ಬರೆದಿರೋದು. ಇವತ್ತು ಒಂದು ಹುಡುಗನ ಪುಸ್ತಕ ಇಸ್ಕೊಂಡು ನೋಡಿದ್ರೆ..."

"ತಪ್ಪಾಗಿದೆ ಮೇಡಂ. ಹೊಸ ಕೆಲಸದವಳು..." ಯಜಮಾನರು ಶುರು ಮಾಡಿದರು.

"ಹೊಸಬಳೂ ಅಲ್ಲ, ಹೊಸಬಳ ನೆರಳೂ ಅಲ್ಲ," ಎಂದಳು ಮಡಿಕೆಯಕ್ಕ ಬಾಗಿಲಲ್ಲಿ ನಿಂತು. "ನಾನು. ಒಂಬತ್ತು, ಹತ್ತು ಹಾಸಿದ್ದು ನಾನು. ಅದಲು ಬದಲು ಮಾಡಿದ್ದು ನಾನು."

ಯಜಮಾನರ ಮುಖದಲ್ಲಿ ನಗು ಹರಡಿತು. ಅದು ಮಡಿಕೆಯಕ್ಕ ಎಣಿಸದ ನಗು.

"ಅಕ್ಕಾ, ನಿಮ್ಮ ದೊಡ್ಡ ಗುಣ ನನಗೆ ಗೊತ್ತಿಲ್ವಾ? ಪಾಪದ ಹೆಣ್ಣುಮಗಳು ಅಂತ ಮೈಮೇಲೆ ಹಾಕ್ಕೊಳ್ತಿದ್ದೀರಿ."

"ಅಯ್ಯೋ, ಹೌದಪ್ಪಾ, ನಾನೇ ಅಂತಿದ್ದೀನಲ್ಲ!"

"ನೀವು ತಪ್ಪು ಮಾಡೋದಾ? ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ಅಂದ್ರೆ ನಂಬ್ತೀನಿ."

ಬೆನ್ನಿಗೇ ಬಂದಿದ್ದ ಕಟಿಂಗ್ ಮಾವನೂ ತಲೆಯಾಡಿಸಿದ. "ಅಕ್ಕ ಯಾವಾಗಲೂ ಹೀಗೇ. ಹೋದ ವರ್ಷ ಯಾರೋ ಗೋಂದು ಚೆಲ್ಲಿದ್ದನ್ನೂ ತಾನೇ ಅಂದಿದ್ರು."

ಹೋದ ವರ್ಷ ಗೋಂದು ಚೆಲ್ಲಿದ್ದು ನಿಜಕ್ಕೂ ಮಡಿಕೆಯಕ್ಕನೇ. ಆಗಲೂ ಯಾರೂ ನಂಬಿರಲಿಲ್ಲ, ಅವಳೂ ಒತ್ತಾಯ ಮಾಡಿರಲಿಲ್ಲ. ಇಷ್ಟು ವರ್ಷ ಕೂಡಿಟ್ಟ ಒಳ್ಳೆಯ ಹೆಸರು ಈಗ ಅಡ್ಡಗೋಡೆಯಾಗಿ ನಿಂತುಬಿಟ್ಟಿತು. ನಿಜ ಹೇಳಬೇಕೆಂದರೂ ಹೇಳಗೊಡದು! ಗುಬ್ಬಿ ಬೇರೆ ಹಿಂದಿನಿಂದ ಸೆರಗು ಜಗ್ಗುತ್ತಾ "ಬೇಡ ಬಿಡಿ ಅಕ್ಕಾ, ನನಗೋಸ್ಕರ ಯಾಕೆ ಸುಳ್ಳು" ಎನ್ನತೊಡಗಿದಳು.

"ನೀನು ಸುಮ್ನಿರೇ!" ಎಂದು ಗದರಿದ ಮಡಿಕೆಯಕ್ಕ ಯಜಮಾನರ ಮೇಜಿನ ಮುಂದಿನ ಕುರ್ಚಿ ಎಳೆದು, ಯಾರೂ ಕರೆಯದೆ ಕೂತಳು. "ಕೇಳಿ. ಊಟದ ಹೊತ್ತಲ್ಲಿ ಒಂಬತ್ತನೇ ಫಾರಂ ಓದಿದೆ. ಆಮೇಲೆ ಹತ್ತನ್ನೂ ಓದಿದೆ. ಗಂಟೆ ಹೊಡೀತು. ಗಾಬರೀಲಿ ಇದರ ಜಾಗಕ್ಕೆ ಅದು, ಅದರ ಜಾಗಕ್ಕೆ ಇದು."

ಈಗ ಯಜಮಾನರು ಗಹಗಹಿಸಿ ನಕ್ಕೇಬಿಟ್ಟರು. "ನೀವು? ಓದಿದ್ದಾ? ನಿಮ್ಮ ಮದುವೆ ಪತ್ರಿಕೆ ಓದಿದ್ರಾ ಅಕ್ಕಾ ನೀವು?"

"ಓದಿದ್ರೆ ಏನಿತ್ತು ಹೇಳಿ ನೋಡೋಣ," ಎಂದರು ಡಾಕ್ಟರಮ್ಮ. ಅವರೂ ತುಟಿಯಂಚಿನಲ್ಲೇ ನಗುತ್ತಿದ್ದರು.

ಮಡಿಕೆಯಕ್ಕ ಗಂಟಲು ಸರಿಮಾಡಿಕೊಂಡಳು.

"ಆ ಹುಡುಗಿ ನೆಲಮಾಳಿಗೇಲಿ ಒಬ್ಬಳೇ. ಕಬ್ಬಿಣದ ಬಾಗಿಲಿಗೆ ಬೀಗ. ಆಚೆಯಿಂದ ಯಾರೋ ಹೆಸರು ಹಿಡಿದು ಕರೀತಾರೆ. ಮಾತಾಡೋಣ ಅಂದ್ರೆ ಗೋಡೆಯ ಬಿರುಕಿಂದ ನೀರು ಬುಸ್ ಅಂತ ನುಗ್ಗುತ್ತೆ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಈ ಹುಡುಗಿ ಏನು ಮಾಡ್ತಾಳೆ? ಅಳೋದಿಲ್ಲ. ಗಟ್ಟಿಗಿತ್ತಿ. ತೇಲ್ತಿದ್ದ ಒಂದು ಪೆಟ್ಟಿಗೆ ಮೇಲೆ ನಿಂತು ಬಾಗಿಲಿಗೆ ಬೂಟಿನಿಂದ ಬಡೀತಾಳೆ. ಮೂರು ಸಲ ಬಡಿ, ನಿಲ್ಲಿಸು. ಮೂರು ಸಲ ಬಡಿ, ನಿಲ್ಲಿಸು. ಆ ಕಿವಿಯ ಹುಡುಗ ಎಲ್ಲೋ ಇದ್ದಾನೆ, ಕೇಳಿಸ್ಕೊಳ್ಳಲಿ ಅಂತ. ನೀರು ಕುತ್ತಿಗೆಗೆ ಬಂತು..."

ಮುಂದಿನ ಕೋಣೆಯ ಯಂತ್ರ ನಿಂತದ್ದು ಯಾವಾಗ ಎಂದು ಯಾರಿಗೂ ಗೊತ್ತಾಗಲಿಲ್ಲ. ಯಂತ್ರ ನಡೆಸುವವನು ಎಣ್ಣೆ ಬಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದ. ಮಡಿಕೆಯಕ್ಕ ಕುರ್ಚಿಯಿಂದ ಎದ್ದಿದ್ದಳು. ನೀರು ಎಲ್ಲಿಯವರೆಗೆ ಬಂತೆಂದು ತನ್ನ ಗದ್ದಕ್ಕೆ ಕೈಯಿಟ್ಟು ತೋರಿಸುತ್ತಿದ್ದಳು.

"ಆಗ ಬಾಗಿಲು ಒಂದು ಗೇಣು ತೆರೆಯುತ್ತೆ. ಒಂದು ಕೈ ಒಳಗೆ ಬರುತ್ತೆ. ಗಾಳಿಕಿವಿಯದು! 'ಅವಳು ಆ ಕೈ ಹಿಡಿದಳು.' ಒಂಬತ್ತು ಮುಗೀತು. ಹತ್ತರಲ್ಲಿ ಇಬ್ಬರೂ ಗೂಡ್ಸ್ ರೈಲಿನ ಮೇಲೆ. ಗಾಳಿ, ಕಲ್ಲಿದ್ದಲ ಪುಡಿ, ಕಣ್ಣು ಬಿಡಕ್ಕಾಗಲ್ಲ. ಹುಡುಗ ಅವಳಿಗೆ ತನ್ನ ಮಫ್ಲರ್ ಸುತ್ತುತ್ತಾನೆ. ನಾನು ಅಂದ್ಕೊಂಡೆ, ಆಹಾ, ಎಂಥ ಒಳ್ಳೇ ಹುಡುಗ. ಅಷ್ಟರಲ್ಲಿ ಅವನ ಜೇಬಲ್ಲಿ ಒಂದು ಕೆಂಪು ದೀಪ ಮಿಣಿಮಿಣಿ ಅಂತ ಉರಿಯುತ್ತೆ. ಬೂದುಕೋಟಿನವರು ಕೊಟ್ಟಿದ್ದು! ಸೇತುವೆ ಬರುತ್ತೆ, ಹುಡುಗಿ ಜಾರ್ತಾಳೆ, ಅವನು ಕೈ ಹಿಡೀತಾನೆ, ಹಿಡಿದ ಹಾಗೆ ಹಿಡಿದು, ಪಾಪಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, 'ಅವನು ಆ ಕೈ ಬಿಟ್ಟ.'"

"ಥೂ ಅವನ!" ಎಂದ ಕಟಿಂಗ್ ಮಾವ ತನಗೇ ಗೊತ್ತಿಲ್ಲದೆ.

ಯಜಮಾನರ ನಗು ಅರ್ಧಕ್ಕೆ ನಿಂತಿತ್ತು. ಆದರೂ ಅವರು ಹಿಡಿದ ಪಟ್ಟು ಬಿಡಲಿಲ್ಲ. "ಮನೇಲಿ ಮೊಮ್ಮಗಳಿದ್ದಾಳೆ. ಅವಳು ಓದಿ ಹೇಳಿರ್ಬಹುದು."

ಡಾಕ್ಟರಮ್ಮ ಕೈಯೆತ್ತಿ ಅವರನ್ನು ತಡೆದರು. "ಅಕ್ಕಾ, ಆ ಹುಡುಗಿ ನೆಲಮಾಳಿಗೆಗೆ ಹೋಗಿದ್ದು ಯಾಕೆ?"

"ನನಗೇನು ಗೊತ್ತು? ಅದು ಎಂಟರಲ್ಲೋ ಏಳರಲ್ಲೋ ಇರ್ಬೇಕು."

"ಆ ಕೆಂಪು ದೀಪದ ಯಂತ್ರ ಹುಡುಗನಿಗೆ ಕೊಟ್ಟಿದ್ದು ಯಾರು?"

"ಬೂದುಕೋಟಿನವರು ಅಂತಿತ್ತು. ಅವರಲ್ಲಿ ಯಾರು ಅಂತ ಹತ್ತರಲ್ಲಿ ಇಲ್ಲ."

"ಸರಿ. ನದಿಗೆ ಬಿದ್ದ ಮೇಲೆ ಅವಳು ಯಾರ ಕೈಗೆ ಸಿಕ್ಕಿದ್ಲು?"

"ನದಿಗಾ?" ಮಡಿಕೆಯಕ್ಕನ ಕೈ ಎದೆಗೆ ಹೋಯಿತು. "ಸೇತುವೆ ಕೆಳಗೆ ನದಿ ಇತ್ತಾ? ಅಬ್ಬ! ನಾನು ಇಷ್ಟು ದಿನದಿಂದ ಕಲ್ಲುಬಂಡೆ ಅಂದ್ಕೊಂಡು ಒದ್ದಾಡ್ತಿದ್ದೀನಿ. ಹಾಗಾದ್ರೆ ಬದುಕಿದ್ಲಾ? ಯಾರ ಕೈಗೆ ಸಿಕ್ಕಿದ್ಲು? ಹೇಳಿ ತಾಯಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಅವಳ ಮುಖ ನೋಡಿ ಡಾಕ್ಟರಮ್ಮ ಯಜಮಾನರ ಕಡೆಗೆ ತಿರುಗಿದರು. "ಇವರು ಓದಿರೋದು ಬರೀ ಆ ಮೂವತ್ತೆರಡು ಪುಟ. ಹಿಂದಿಲ್ಲ, ಮುಂದಿಲ್ಲ. ಆ ಎರಡು ಫಾರಂ ಕೈಲಿ ಹಿಡಿದು ಕೂತಿದ್ದವರನ್ನ ಬಿಟ್ಟು ಬೇರೆಯವರಿಗೆ ಹೀಗೆ ಗೊತ್ತಿರೋದಕ್ಕೆ ಸಾಧ್ಯವಿಲ್ಲ."

ಯಜಮಾನರು ವಾಪಸು ಬಂದ ಪ್ರತಿಯನ್ನು ಮುಚ್ಚಿ ಬದಿಗಿಟ್ಟರು. ಕಿವಿಯ ಕೆಂಪು ಇಳಿಯಿತು. ಅವಳ ಹೆಸರೆಂಬ ಕಣ್ಣಿಗೆ ಕಾಣದ ಕಂಬವೊಂದು ಅಲ್ಲಿ ಇಷ್ಟು ವರ್ಷ ನೆಟ್ಟಗೆ ನಿಂತಿತ್ತು, ಈಗ ಅದು ಸ್ವಲ್ಪ ಓರೆಯಾಯಿತು. ಮಡಿಕೆಯಕ್ಕನಿಗೆ ಅದು ತಿಳಿಯಿತು. ನೋವಾಯಿತು. ಆದರೆ ಪಕ್ಕದಲ್ಲಿ ಗುಬ್ಬಿ ಉಸಿರು ಬಿಟ್ಟ ಸದ್ದು ಕೇಳಿದಾಗ ಆ ನೋವು ಮುಳ್ಳು ಕಿತ್ತ ಮೇಲಿನ ಉರಿಯಷ್ಟೇ ಉಳಿಯಿತು.

"ಸರಿ," ಎಂದರು ಯಜಮಾನರು ಕೊನೆಗೆ. "ಗುಬ್ಬಿ, ನೀನು ಶನಿವಾರವೂ ಬಾ, ಸೋಮವಾರವೂ ಬಾ. ನಾನು ವಿಚಾರಿಸದೆ ಮಾತಾಡಿಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡ. ಅಕ್ಕಾ, ನಿಮಗೆ ಏನು ಹೇಳಲಿ?"

"ಬೈಯ್ರಿ. ಚೆನ್ನಾಗಿ ಬೈಯ್ರಿ. ಇಲ್ಲಾಂದ್ರೆ ನನಗೆ ನಿದ್ದೆ ಬರಲ್ಲ."

"ಬೈಯ್ಯೋಕೆ ಬರ್ತಿಲ್ವಲ್ಲ. ಚಡ್ಡೀಲಿ ಇದ್ದಾಗ ನೀವೇ ನನ್ನ ಕಿವಿ ಹಿಂಡಿದ್ದೀರಿ."

"ಬೈಯ್ಯೋ ವಿಚಾರ ಇರಲಿ," ಎಂದು ಡಾಕ್ಟರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನಿಜ ಹೇಳಬೇಕು ಅಂದ್ರೆ ನನ್ನ ಕಥೆಗಿಂತ ಈ ತಪ್ಪಿನ ಕಥೆಯೇ ಚೆನ್ನಾಗಿದೆ. ಕೈ ಬಿಡ್ತಾನೆ ಅಂತ ಗೊತ್ತಿದ್ದೂ ಅವಳು ಆ ಕೈ ಹಿಡೀತಾಳೆ. ನನಗೆ ಹೊಳೀಲೇ ಇಲ್ಲ ನೋಡಿ! ಉಳಿದ ಪ್ರತಿಗಳನ್ನು ಹಾಗೇ ಬಿಟ್ರೆ ಹೇಗೆ?"

ಯಜಮಾನರ ಕಣ್ಣು ಮಿಂಚಿತು. ಮಡಿಕೆಯಕ್ಕ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅದಾಗಲ್ಲ ತಾಯಿ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯ್ತು ಅಂತ ಕಾಗೆಯನ್ನ ಮರ ಕಡಿಯೋ ಕೆಲಸಕ್ಕೆ ಇಟ್ಕೊಳ್ತಾರಾ? ನಿಮಗೆ ಹಾಗೆ ಬೇಕಿದ್ರೆ ಹಾಗೇ ಬರೆದು ಕೊಡಿ, ಹಾಗೇ ಕಟ್ತೀನಿ. ನೀವು ಬರೆದದ್ದು ಒಂದು, ನಾನು ಕಟ್ಟಿದ್ದು ಇನ್ನೊಂದು ಅಂದ್ರೆ ಅದು ತಪ್ಪೇ. ಆರುನೂರನ್ನೂ ತರಿಸಿ. ನಾನೇ ಹೊಲಿಗೆ ಬಿಚ್ಚಿ ನಾನೇ ಹೊಲೀತೀನಿ."

ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದಿದ್ದ ಇನ್ನೂರ ಎಪ್ಪತ್ತು ಪ್ರತಿ ವಾಪಸು ಬಂದವು. ಮಡಿಕೆಯಕ್ಕ, ಗುಬ್ಬಿ ಎದುರುಬದುರು ಕೂತು ರಟ್ಟು ಬಿಡಿಸಿ, ಬೆನ್ನಿನ ಗೋಂದು ಕೆರೆದು, ದಾರ ಕತ್ತರಿಸಿ, ಒಂಬತ್ತು ಹತ್ತನ್ನು ಅದರದರ ಜಾಗಕ್ಕೆ ಕೂರಿಸಿ ಮತ್ತೆ ಹೊಲಿದರು. ಮೊದಲ ದಿನ ಗುಬ್ಬಿ ಎರಡೆರಡು ಸಲ ತಿರುಗಿಸಿ ನೋಡುತ್ತಿದ್ದಳು. ಮೂರನೆಯ ದಿನಕ್ಕೆ ಅವಳ ಕೈ ಮಾತಾಡಿದಷ್ಟೇ ಸಲೀಸಾಗಿ ಓಡತೊಡಗಿತು. ನಾಲ್ಕನೆಯ ದಿನ ಅಕ್ಕನನ್ನೇ ಛೇಡಿಸಿದಳು: "ಅಕ್ಕಾ, ಊಟದ ಗಂಟೆ ಹೊಡೀತು. ಹನ್ನೊಂದನೇ ಫಾರಂ ಕಡೆ ನೋಡ್ಬೇಡಿ."

ಮಕ್ಕಳ ಕೈ ಸೇರಿದ್ದ ಪುಸ್ತಕಗಳಿಗಾಗಿ ಅಂಗಡಿಗಳಲ್ಲಿ ಒಂದು ಚೀಟಿ ಅಂಟಿಸಲಾಯಿತು. ಪುಟದ ಸಾಲು ತಪ್ಪಿದ ಪುಸ್ತಕವನ್ನು ಭಾನುವಾರ ಮುದ್ರಣಾಲಯಕ್ಕೆ ತಂದರೆ ಸರಿಮಾಡಿ ಕೊಡುತ್ತೇವೆ ಎಂದು. ಭಾನುವಾರ ಬೆಳಿಗ್ಗೆ ಮಡಿಕೆಯಕ್ಕ ಚಾಕು, ಸೂಜಿ, ದಾರ ಹರಡಿಕೊಂಡು ಕಾದು ಕೂತಳು. ಮಕ್ಕಳೇನೋ ಬಂದರು, ಗುಂಪುಗುಂಪಾಗಿಯೇ ಬಂದರು. ಆದರೆ ಪುಸ್ತಕವನ್ನು ಎದೆಗೆ ಅಪ್ಪಿಕೊಂಡು, ತಪ್ಪು ಮಾಡಿದ ಅಜ್ಜಿ ಯಾರು ಎಂದು ನೋಡಲು ಬಂದವರೇ ಎಲ್ಲ. ಒಬ್ಬನೇ ಒಬ್ಬ ಕನ್ನಡಕದ ಹುಡುಗ ಮುಂದೆ ಬಂದು, "ನನಗೆ ಸರಿ ಮಾಡಿಕೊಡಿ ಅಜ್ಜಿ, ತಲೆ ಕೆಟ್ಟುಹೋಯ್ತು" ಎಂದ. ಅವನ ಪುಸ್ತಕವನ್ನು ಅವಳು ಎಷ್ಟು ಪ್ರೀತಿಯಿಂದ ಹೊಲಿದುಕೊಟ್ಟಳು ಎಂದರೆ ಅದು ಹೊಸದಕ್ಕಿಂತ ಗಟ್ಟಿಯಾಯಿತು.

ಸಂಜೆ ಮನೆಗೆ ಬಂದವಳು ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದಳು. ಹುಡುಗಿ ಕಣ್ಣು ಅರಳಿಸಿ ಕೇಳಿದಳು.

"ಅಂದ್ರೆ ಅದು ಡಾಕ್ಟರಮ್ಮನ ತಲೆ ಅಲ್ವಾ? ನೀನಾ?"

"ನನ್ನ ತಲೆಯೂ ಅಲ್ಲ, ನನ್ನ ಗಾಬರಿ. ತಾ ಇಲ್ಲಿ ಆ ಪುಸ್ತಕ. ಹತ್ತು ನಿಮಿಷದ ಕೆಲಸ."

ಹುಡುಗಿ ಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಒರಗಿದಳು. "ಮುಟ್ಟಿದ್ರೆ ನೋಡು!"

"ಅಯ್ಯೋ, ಅದು ತಪ್ಪು ಪುಸ್ತಕ ಕಣೇ. ನನ್ನ ಮನೇಲೇ ಅದಿದ್ರೆ ನನ್ನ ಕಣ್ಣು ಚುಚ್ಚುತ್ತೆ."

"ಚುಚ್ಚಲಿ. ಮುಂಗಾಣಿಗೆ ಗೊತ್ತಿತ್ತು, ಅಷ್ಟೇ."

"ಗೊತ್ತಿರಲಿಲ್ಲ! ಬರೆದವರೇ ಹೇಳಿದ್ರು, ಭಯ ಆದಾಗ ಅವಳಿಗೆ ಕಾಣಲ್ಲ ಅಂತ."

"ಅವಳು ಭಯ ಬಿದ್ದಳಾ? ನೀನೇ ಓದಿದ್ದೀಯಲ್ಲ, ಹೇಳು. ಮೂರು ಸಲ ಬಡಿ, ನಿಲ್ಲಿಸು ಅಂತ ಬಡೀತಿದ್ದೋಳು ಭಯ ಬಿದ್ದಳಾ?"

ಇದನ್ನು ಮಡಿಕೆಯಕ್ಕ ಯೋಚಿಸಿರಲಿಲ್ಲ. ಚಾಪೆಯ ಮೇಲೆ ಕೂತು ಕಾಲು ನೀಡಿಕೊಂಡಳು.

"ಅದೇನೋ ಹೌದು," ಎಂದಳು. "ಅಳಲಿಲ್ಲ ಅವಳು. ಆದ್ರೂ ಆ ಹುಡುಗ..."

"ಗಾಳಿಕಿವಿ ಕೆಟ್ಟವನು."

"ಹಾಗೆ ಒಂದೇ ಏಟಿಗೆ ಹೇಳ್ಬೇಡ. ಮಫ್ಲರ್ ಸುತ್ತಿದ್ದು ಯಾಕೆ ಮತ್ತೆ? ಕೆಟ್ಟವನಾಗಿದ್ರೆ ಚಳಿ ಆದ್ರೇನು ಅವನಿಗೆ?"

"ಅಜ್ಜಿ, ಅದು ನಾಟಕ!"

"ನಾಟಕವೋ ಅಲ್ಲವೋ, ಹನ್ನೊಂದರಲ್ಲಿ ಗೊತ್ತಾಗುತ್ತೆ. ಬಾ ಇಲ್ಲಿ, ದೀಪದ ಹತ್ರ ಕೂರು. ಕೊಡಬೇಡ, ನಿನ್ನ ಕೈಲೇ ಇಟ್ಕೊಂಡು ಓದು. ಆದ್ರೆ ಹನ್ನೊಂದಕ್ಕೆ ಹಾರಬೇಡ. ಒಂದರಿಂದ ಶುರು ಮಾಡು, ಆ ಹುಡುಗಿ ನೆಲಮಾಳಿಗೆಗೆ ಯಾಕೆ ಹೋದ್ಲು ಅಂತ ನನಗೆ ಮೊದಲು ಗೊತ್ತಾಗಬೇಕು."